ನಿಲ್ಲಿಸಿದ ಮಾತ್ರೆ

“ಈ ಮಾತ್ರೆ ನಿಲ್ಲಿಸಿದ್ದು ಯಾರು?”

ವಾರ್ಡಿನ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಮಂಚದ ಮೇಲೆ ನಿವೃತ್ತ ಮೇಷ್ಟ್ರು ಬೆವರಿನಲ್ಲಿ ತೊಯ್ದು ಮಲಗಿದ್ದರು. ಪಕ್ಕದ ಮಾನಿಟರಿನ ಮೇಲೆ ಅವರ ಎದೆಬಡಿತ ದಿಕ್ಕೆಟ್ಟು ಓಡುತ್ತಿತ್ತು. ನರ್ಸುಗಳು ಬೆನ್ನ ಹಿಂದೆ ‘ಗುಮ್ಮ’ ಎನ್ನುತ್ತಿದ್ದ ಹೊಸ ಡಾಕ್ಟರ್ ತಲೆಯೆತ್ತಿ ಅವಳನ್ನೇ ದಿಟ್ಟಿಸಿದ.

“ನಾ... ನಾನು.”

“ಬೇರೆ ಏನಾದ್ರೂ ನಿಲ್ಲಿಸಿದ್ದೀರಾ?”

“ಇಲ್ಲ... ಅದೊಂದೇ. ನಿಧಾನವಾಗಿ ಕಡಿಮೆ ಮಾಡಿ...”

“ಸರಿ, ಹೊರಗಿರಿ!”

ಆ ದೊಡ್ಡ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಅವಳೂ ಡಾಕ್ಟರೇ. ವಯಸ್ಸಾದವರು ಹಿಡಿ ಹಿಡಿ ನುಂಗುವ ಮಾತ್ರೆಗಳಲ್ಲಿ ಬೇಡದ್ದನ್ನು ಬಿಡಿಸಿದರೆ ಅವರು ಇನ್ನಷ್ಟು ಚೆನ್ನಾಗಿರುತ್ತಾರೆಯೇ? ಅದೇ ಅವಳ ಸಂಶೋಧನೆ. ಅದಕ್ಕೆ ಸೇರಲು ಎಲ್ಲರಿಗಿಂತ ಮೊದಲು ಒಪ್ಪಿದವರು ಈ ಮೇಷ್ಟ್ರು. “ನನ್ನ ಹೊಟ್ಟೆ ಔಷಧಿ ಅಂಗಡಿ ಆಗಿದೆ ತಾಯಿ, ಸ್ವಲ್ಪ ಖಾಲಿ ಮಾಡು” ಎಂದು ನಕ್ಕಿದ್ದರು.

‘ನಂಬಿ ಬಂದವರನ್ನು ಕೊಂದುಬಿಟ್ಟೆನಾ?’ ಅವಳು ಹೊರಗೆ ಬಂದು ಗೋಡೆಗೊರಗಿದಳು.

ಅಷ್ಟರಲ್ಲಿ ಗುಮ್ಮ ಹೊರಬಂದು ನೇರ ಸಂಶೋಧನೆಗಳ ಮೇಲೆ ಕಣ್ಣಿಡುವ ನೀತಿ ಸಮಿತಿಯ ಕೋಣೆಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಡಿದುಕೊಂಡಿತು. ವಿಭಾಗದ ಮುಖ್ಯಸ್ಥರು.

“ಸಂಶೋಧನೆ ಸದ್ಯಕ್ಕೆ ನಿಲ್ಲಿಸಮ್ಮ.”

‘ನನಗೆ ಒಂದು ಮಾತೂ ಹೇಳದೆ ದೂರು ಕೊಟ್ಟನಲ್ಲ! ಮನುಷ್ಯನಾ ಅವನು?’

ಅಳು ಉಕ್ಕಿ ಬಂತು. ಆದರೆ ಎದುರಿನ ಬೆಂಚಿನಲ್ಲಿ ಮೇಷ್ಟ್ರ ಹೆಂಡತಿ ಕೂತಿದ್ದರು.

“ಏನಾಯ್ತಮ್ಮಾ ಇವರಿಗೆ? ವಯಸ್ಸಾಯ್ತು ಅಂತಾನಾ?”

ಹೌದು ಅಂದುಬಿಟ್ಟರೆ ಮುಗಿಯಿತು. ಯಾರೂ ಕೇಳುವುದಿಲ್ಲ... ಅವಳು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಇಲ್ಲಮ್ಮ. ನಾನು ಒಂದು ಮಾತ್ರೆ ನಿಲ್ಲಿಸಿದ್ದರಿಂದಲೇ ಇರಬೇಕು. ಅವರಿಗೆ ಅದು ಬೇಕಿತ್ತು. ನನಗೆ ಗೊತ್ತಾಗಲಿಲ್ಲ.”

ಆ ಅಮ್ಮ ವಾರ್ಡಿನ ಬಾಗಿಲತ್ತ ತಿರುಗಿದರು.

“ಉಳೀತಾರಾ?”

ಹಿಂದಿನಿಂದ ಉತ್ತರ ಬಂತು. “ಬಡಿತ ಹಿಡಿತಕ್ಕೆ ಬರ್ತಾ ಇದೆ ಅಮ್ಮಾ. ಗಂಡಾಂತರ ಪೂರ್ತಿ ಕಳೆದಿಲ್ಲ. ಅದು ಸರಿಹೋಗೋವರೆಗೂ ನಾನು ಅವರನ್ನ ಬಿಟ್ಟು ಹೋಗಲ್ಲ.”

ಗುಮ್ಮ!

ಅಮ್ಮ ಕಣ್ಣೊರೆಸಿಕೊಂಡರು. “ಮೊದಲು ಇವಳನ್ನ ಏಳಿಸಪ್ಪ. ನನಗಿಂತ ಜಾಸ್ತಿ ನಡುಗ್ತಿದ್ದಾಳೆ.”

ಮೆಟ್ಟಿಲ ಬಳಿ ಅವಳು ಅವನ ಕೈ ಕೊಡವಿದಳು. “ದೂರು ಕೊಟ್ಟಿದ್ದು ನೀವೇ ತಾನೆ?”

“ವರದಿ ಮಾಡಿದೆ. ಹೌದು.”

“ನನ್ನ ಇಷ್ಟು ವರ್ಷದ ಕೆಲಸ...”

“ಅದೇ ಮಾತ್ರೆ ಬಿಟ್ಟವರು ಇನ್ನೂ ಇದ್ದಾರೆ! ಸುಮ್ಮನಿದ್ದು ನಾಳೆ ಒಬ್ಬರು ಸತ್ತರೆ? ನಿಮ್ಮ ಕೆಲಸಾನೂ ಅವರ ಜೊತೆಗೇ ಸಾಯುತ್ತೆ. ಎಲ್ಲರನ್ನೂ ಕರೆಸಿ ಪರೀಕ್ಷೆ ಮಾಡೋಕೆ ಸಮಿತಿ ಒಪ್ಪಿದೆ. ನಾನೂ ಕೈ ಜೋಡಿಸ್ತೀನಿ ಅಂದಿದ್ದೀನಿ.”

ಅವಳು ಆ ಮಾತ್ರೆ ಬಿಟ್ಟವರ ಪಟ್ಟಿ ತರಲು ಹೊರಟಳು.

ಮೇಷ್ಟ್ರ ಬಡಿತ ಹಿಡಿತಕ್ಕೆ ಬಂದ ಕೂಡಲೇ ಇಬ್ಬರೂ ಒಂದೇ ಮೇಜಿಗೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಪ್ರತಿ ರಿಂಗಿಗೂ ಅವಳ ಜೀವ ಹಾರುತ್ತಿತ್ತು. ಒಬ್ಬ ಅಜ್ಜಿ ಫೋನ್ ಎತ್ತಲೇ ಇಲ್ಲ. ಅವನು ಕಾರು ತೆಗೆದ, ಅವಳೂ ಹತ್ತಿದಳು. ಬಾಗಿಲು ಬಡಿದರೆ ಅಜ್ಜಿ ಗೋಡೆ ಹಿಡಿದುಕೊಂಡೇ ತೆರೆದರು. ನಾಡಿ ಹಿಡಿದ ಅವಳ ಮುಖ ಬಿಳಿಚಿತು. ಮೇಷ್ಟ್ರ ಎದೆಬಡಿತದ್ದೇ ದಿಕ್ಕೆಟ್ಟ ಓಟ! ಆದರೆ ಸಮಯಕ್ಕೆ ಸಿಕ್ಕಿದ್ದರು.

ಅಜ್ಜಿ ಉಳಿದರು. ಮೇಷ್ಟ್ರೂ ಎದ್ದು ಕೂತರು. ಆ ಮಾತ್ರೆಯನ್ನು ಕೈಬಿಟ್ಟು ಸಂಶೋಧನೆ ಮುಂದುವರಿಸಲು ಸಮಿತಿ ಒಪ್ಪಿತು.

ಅಪ್ಪಣೆ ಸಿಕ್ಕ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ತಣ್ಣಗಾದ ಕಾಫಿಯನ್ನು ಸುಮ್ಮನೆ ಕಲಕುತ್ತಿದ್ದ.

“ಆ ಅಮ್ಮನಿಗೆ ನಿಜ ಹೇಳಿದ್ರಲ್ಲ, ಅವತ್ತಿಂದ...” ಮಾತು ನಿಂತಿತು.

“ಅವತ್ತಿಂದ?”

“ಹೇಳೋಕೆ ಭಯ.”

“ನಿಮಗಾ? ಯಾಕೆ?”

“ನೀವು ಬೇಡ ಅಂದ್ರೆ... ನಾಳೆಯಿಂದ ಆ ಮೇಜಿಗೆ ಹೇಗೆ ಬರಲಿ?”

ಅವಳು ಅವನ ಕಪ್ಪನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಬೇಡ ಅನ್ನಲ್ಲ. ಈಗ ಹೇಳಿ.”