ಡೇರಿ ಹಾಲಿನ ಪಂಚನಾಮೆ

2003ರ ಆಗಸ್ಟ್ 6, ಬುಧವಾರ, ಬೆಳಗ್ಗೆ 8.20. ವಡೋದರಾದ ಫತೇಗಂಜ್‌ನಲ್ಲಿರುವ ಠಾಣೆಗೆ ಹಾಸ್ಟೆಲ್ ವಾರ್ಡನ್ ದೂರು ತಂದರು. ಹಿಂದಿನ ರಾತ್ರಿ ಸುಮತಿಯ ಮೆಸ್ಸಿನಲ್ಲಿ ಖೀರು ಉಂಡ ಹನ್ನೊಂದು ವಿದ್ಯಾರ್ಥಿಗಳು ವಾಂತಿಯಾಗಿ ಆಸ್ಪತ್ರೆ ಸೇರಿದ್ದರು. ಇನ್‌ಸ್ಪೆಕ್ಟರ್ ರಾಠವಾ ಎಫ್‌ಐಆರ್ ದಾಖಲಿಸಿ ಮೆಸ್ಸಿಗೆ ಸೀಲ್ ಹಾಕಿಸಿದರು.

ಸುಮತಿ ಧಾರವಾಡದವಳು. ಹಿಂದಿ ಅಷ್ಟಕ್ಕಷ್ಟೆ. ಇಲ್ಲಿನ ರೈಲ್ವೆ ಕಾಲೊನಿಯ ಕನ್ನಡ ಮನೆಯೊಂದರಲ್ಲಿ ಬೆಳೆದ ಕಾನ್‌ಸ್ಟೇಬಲ್ ಲಿಂಗರಾಜನೇ ಅವಳ ಮಾತನ್ನು ಸಾಹೇಬರಿಗೆ ದಾಟಿಸಬೇಕಾಯಿತು.

"ಪಾತ್ರೆ ತೊಳೆದಿರಲಿಲ್ವಾ ಅಂತ ಕೇಳ್ತಿದ್ದಾರೆ, ಅಕ್ಕಾ."

"ಹೋದ ಐತ್ವಾರ ಅದ ಪಾತ್ರ್ಯಾಗಿಂದು ಉಂಡು ಹೋದೆಲ್ಲೋ ತಮ್ಮಾ, ಹೇಳು ನಿಮ್ಮ ಸಾಹೇಬ್ಗ! ಆ ಮೂಲಿ ಡೇರಿ ಹಾಲು ಹಿಡೀರಿ ಮೊದ್ಲ. ಖೀರಿನ ಹಾಲಿಗೆ ಸೋಪಿನ ವಾಸನಿ ಬರ್ತಿತ್ತು."

"ಮತ್ತೆ ಯಾಕೆ ಬಳಸಿದ್ರಿ?"

"ಕಾಸಿದ್ರ ಹೋಗ್ತದ ಅನಕೊಂಡೆ. ಅಷ್ಟು ನನ್ನ ತಪ್ಪು. ಬರ್ಕೊ."

ಡೇರಿಯ ಹಾಲನ್ನು ಪರೀಕ್ಷೆಗೆ ಕಳಿಸುವಂತೆ ರಾಠವಾ ಸರ್ಕಾರಿ ಫುಡ್ ಇನ್‌ಸ್ಪೆಕ್ಟರ್ ಭಾವಸಾರ್‌ಗೆ ಪತ್ರ ಬರೆದರು. ಆಗಸ್ಟ್ 7ರ ಬೆಳಗ್ಗೆ 11ಕ್ಕೆ ಮಾದರಿ ತೆಗೆದಿರುವುದಾಗಿ ಪಂಚನಾಮೆ ಬಂತು. 19ರಂದು ವರದಿಯೂ ಬಂತು: ಹಾಲು ಶುದ್ಧ.

ಇನ್ನು ಸುಮತಿಯ ಬಂಧನವೊಂದೇ ಬಾಕಿ. ಅದಕ್ಕೂ ಮೊದಲು ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚನ ಹೇಳಿಕೆ ಪಡೆಯಬೇಕಿತ್ತು. 20ರ ಮಧ್ಯಾಹ್ನ ಲಿಂಗರಾಜ ಡೇರಿಯ ಎದುರಿಗಿದ್ದ ಪಾಂಡುರಂಗನ ಪಾನ್ ಅಂಗಡಿಗೆ ಹೋದ.

"ಏಳನೇ ತಾರೀಖು ಡೇರಿಯಲ್ಲಿ ಸಹಿ ಹಾಕಿದ್ದು ನೀನೇನಾ?"

"ಏಳಕ್ಕಾ? ಅವತ್ತು ನಾನು ಆಸ್ಪತ್ರೇಲಿ ಗ್ಲೂಕೋಸ್ ಬಾಟಲಿ ಹಾಕಿಸ್ಕೊಂಡು ಮಲಗಿದ್ದೆ, ಭಾಯ್."

"ಸಹಿ ನಿಂದೇ ಅಲ್ವಾ?"

"ನಂದೇ. ಭಾವಸಾರ್ ಸಾಹೇಬ್ರು ತಿಂಗಳ ಶುರುವಲ್ಲೇ ಖಾಲಿ ಹಾಳೆಗಳ ಮೇಲೆ ಹಾಕಿಸ್ಕೊಂಡು ಹೋಗ್ತಾರೆ. ಪ್ರತಿ ಸಲ ಪಂಚರನ್ನ ಎಲ್ಲಿ ಹುಡುಕ್ತಾರೆ, ಪಾಪ!"

"ನಿನಗೇನಾಗಿತ್ತು?"

"ಡೇರಿ ಹಾಲಿನ ಚಾ ಕುಡಿದೆ, ವಾಂತಿ."

"ಮೆಸ್ಸಲ್ಲಿ ಊಟ?"

"ನಾನಾ? ಆ ಮೆಸ್ಸಿಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ."

ಅಂದೇ ಸಂಜೆ ಡೇರಿಯ ಮೇಲೆ ದಾಳಿಯಾಯಿತು. ಹಿಂದಿನ ಕೋಣೆಯಲ್ಲಿ, ಹಾಲಿನ ಕ್ಯಾನುಗಳ ಪಕ್ಕದಲ್ಲೇ ಬಟ್ಟೆ ಒಗೆಯುವ ಪುಡಿಯ ಮೂರು ಚೀಲಗಳು ಸಿಕ್ಕವು. ಮಾಲೀಕನನ್ನು ಬಂಧಿಸಲಾಯಿತು.

21ರಂದು ಮಧ್ಯಾಹ್ನ ರಾಠವಾ ಭಾವಸಾರ್‌ನನ್ನು ಠಾಣೆಗೆ ಕರೆಸಿದರು.

"ಡೇರಿಗೆ ಹೋಗಿದ್ರಾ?"

"ಹೋಗಿದ್ದೆ. ಪಾಂಡುರಂಗನೂ ಇದ್ದ."

ರಾಠವಾ ಪಾಂಡುರಂಗನ ಆಸ್ಪತ್ರೆ ಚೀಟಿಯನ್ನು ಮೇಜಿನ ಮೇಲಿಟ್ಟರು. "ಬಾಟಲಿಗೆ ತುಂಬಿದ್ದು ಯಾವ ಹಾಲು?"

ಭಾವಸಾರ್ ಚೀಟಿಯ ಮೇಲಿನ ತಾರೀಖು ಓದಿ, ಅದನ್ನು ಹಿಂದಕ್ಕೆ ತಳ್ಳಿದ. "ನಮ್ಮನೆಗೆ ಬರೋ ಪ್ಯಾಕೆಟ್ ಹಾಲು."

ಲಿಂಗರಾಜನಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಆ ಡೇರಿ ಹಾಲು ಎಂಥದ್ದು ಅಂತ ನಿಮಗೆ ಗೊತ್ತಿತ್ತು! ಮನೆಗೆ ಪ್ಯಾಕೆಟ್ಟು, ಆ ಹುಡುಗರಿಗೆ ವಿಷ!"

ಸಂಜೆ 4.40ಕ್ಕೆ ಭಾವಸಾರ್‌ನ ಬಂಧನವಾಯಿತು. ಅವನ ಹೇಳಿಕೆ ಒಂದೇ ಪುಟದ್ದು. ಆರು ವರ್ಷಗಳಲ್ಲಿ ನಾಲ್ಕು ಸಲ ಕೆಟ್ಟ ಮಾದರಿಯನ್ನು ಸರಿಯಾಗಿಯೇ ಕಳಿಸಿದ್ದ. ನಾಲ್ಕು ಸಲವೂ ತಿಂಗಳೊಳಗೆ ವರ್ಗಾವಣೆಯಾಗಿತ್ತು. ಈ ವರ್ಷ ಮಗಳು ಹನ್ನೆರಡನೇ ತರಗತಿ. ಮತ್ತೆ ಊರು ಬದಲಿಸುವ ಧೈರ್ಯ ಅವನಿಗಿರಲಿಲ್ಲ.

ಮರುದಿನ ಮೆಸ್ಸಿನ ಸೀಲ್ ತೆಗೆಯುತ್ತ ಲಿಂಗರಾಜ ಇದನ್ನೆಲ್ಲ ಸುಮತಿಗೆ ಹೇಳಿದ.

ಅವಳು ಹದಿನಾರು ದಿನದ ಧೂಳು ಕೂತ ಬೆಂಚು ಒರೆಸುತ್ತಿದ್ದಳು. "ನಾಕು ಸಲ ಖರೇ ಬರದಾಂವ," ಎಂದಳು, "ಐದನೇದಕ್ಕ ನನ್ನ ಪಾಳಿ ಬಂದಾಗ ದಣದನೇನು?"