ಸೂರ್ಯನ ಮುದ್ರೆಯ ಕತ್ತಿ

2025ರ ಮೇ 12, ಸೋಮವಾರ. ಸೋಮವಾರಪೇಟೆಗೆ ಅದು ಸಂತೆಯ ದಿನ. ಸಂತೆಯ ದೂರುಗಳು ಠಾಣೆಗೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಜನ ಕೊಂಡು, ಕುಡಿದು, ಕೈಕೈ ಮಿಲಾಯಿಸಿದ ನಂತರ. ಅಂದು ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ಒಬ್ಬ ಹೆಂಗಸು ಬಂದು, ಹಳೆಯ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ಸಬ್‌ಇನ್‌ಸ್ಪೆಕ್ಟರ್ ತೀರ್ಥಪ್ರಸಾದರ ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಒಳಗೆ ಎರಡು ತುಂಡಾದ ಕತ್ತಿಯಿತ್ತು. ಚೂಪಾದ ತುಂಡಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಹೆಸರೇನಮ್ಮ?"

"ಕಾಳಮ್ಮ ಸಾ. ನಮ್ದು ಕುಶಾಲನಗರದ ಕಡೆ. ಈಗ ಇಲ್ಲೇ ಎಸ್ಟೇಟ್ ಲೈನ್ ಮನೇಲಿ ಇದೀವಿ."

"ರಕ್ತ ಯಾರದು?"

"ನಮ್ ಯಜಮಾನ್ರುದು, ದೇವರಾಜು ಅಂತ. ಶನಿವಾರ ಮರ ಹತ್ತಿ ಕೊಂಬೆ ಕಡೀತಿದ್ರು. ಕತ್ತಿ ಮುರ್ದು ತುಂಡು ಎಡಗೈ ಮಣಿಕಟ್ಟಿಗೆ ಹೊಡೀತು. ಮಡಿಕೇರಿ ಆಸ್ಪತ್ರೇಲವ್ರೆ. ನರ ಕಡ್ದದೆ, ಇನ್ನು ಬೆರಳು ಮಡಚೋದು ಕಷ್ಟ ಅಂತವ್ರೆ ಡಾಕ್ಟ್ರು."

"ಯಾರ ಮೇಲೆ ದೂರು?"

"ಕತ್ತಿ ಮಾರಿದೋರ ಮೇಲೆ ಸಾ. ಪೇಟೆ ಕೃಷ್ಣಪ್ಪನೋರು."

ಕೃಷ್ಣಪ್ಪನ ಹೆಸರು ಕೇಳಿ ಹೆಡ್ ಕಾನ್‌ಸ್ಟೆಬಲ್ ಮೊಣ್ಣಪ್ಪ ಕುರ್ಚಿಯಿಂದ ಎದ್ದು ಬಂದರು. ಕತ್ತಿಯ ಹಿಡಿಯ ಹತ್ತಿರ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಸೂರ್ಯನ ಮುದ್ರೆ ಇತ್ತು. ಅದನ್ನು ನೋಡಿ ತಲೆಯಲ್ಲಾಡಿಸಿದರು. "ಇದು ಕೊಡ್ಲಿಪೇಟೆ ರುದ್ರಾಚಾರಿ ಮುದ್ರೆ ಸಾರ್. ನಮ್ಮ ಅಪ್ಪ ತಂದದ್ದು ಮನೇಲಿ ಇನ್ನೂ ಇದೆ. ಇದು ಮುರಿಯೋ ಮಾಲಲ್ಲ."

"ಮುರಿದಿದೆಯಲ್ಲ ಮೊಣ್ಣಪ್ಪ."

"ಅದೇ ನಾನೂ ನೋಡ್ತಾ ಇದೀನಿ ಸಾರ್."

ಬೆಳಿಗ್ಗೆ 10.15ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಮತ್ತು 318(4): ನಿರ್ಲಕ್ಷ್ಯದಿಂದ ತೀವ್ರ ಗಾಯ, ಮತ್ತು ವಂಚನೆ. ಆರೋಪಿ, ಕತ್ತಿ ವ್ಯಾಪಾರಿ ಕೃಷ್ಣಪ್ಪ. ಕೊಡಗಿನ ಈ ಭಾಗದಲ್ಲಿ ಆ ಮನುಷ್ಯನ ಮೇಲೆ ಯಾರೂ ಇಂಥ ಮಾತು ಎತ್ತಿರಲಿಲ್ಲ. ಸಂತೆ ಮುಗಿಯುವಷ್ಟರಲ್ಲಿ ಸುದ್ದಿ ಪೇಟೆಯ ಬಾಯಿಂದ ಬಾಯಿಗೆ ಹರಡಿ, ಕತ್ತಿಯ ಜೊತೆಗೆ ಕೃಷ್ಣಪ್ಪನ ಹೆಸರೂ ತುಂಡಾಗಿತ್ತು.

ತೀರ್ಥಪ್ರಸಾದರಿಗೆ ಕತ್ತಿಯ ಅಂಗಡಿಗಳ ಬಗ್ಗೆ ವಿಶೇಷ ಗೌರವವೇನೂ ಇರಲಿಲ್ಲ. ಭಾಗಮಂಡಲದ ಕಡೆಯ ರೈತರ ಮನೆಯ ಹುಡುಗನಾದರೂ ಅವರ ಬೂಟು, ಮಿಕ್ಸಿ, ತರಕಾರಿ ಹೆಚ್ಚುವ ಚಾಕು ಎಲ್ಲವೂ ಮೊಬೈಲಿನಲ್ಲಿ ಒತ್ತಿ ತರಿಸಿದವು. ಹೀಗಾಗಿ ಅವರ ಮೊದಲ ಅನುಮಾನ ಅಂಗಡಿಯ ಮೇಲೆ ಹೋಗದೆ ಎಸ್ಟೇಟಿನ ಮೇಲೆ ಹೋಯಿತು. ಅಗ್ಗಕ್ಕೆ ಸಿಗುತ್ತದೆಂದು ಎಸ್ಟೇಟಿನವರು ಆನ್‌ಲೈನಿನಲ್ಲಿ ತರಿಸಿ, ಅಪಘಾತವಾದ ಮೇಲೆ ಅಂಗಡಿಯ ಹೆಸರು ಹೇಳುತ್ತಿರಬಹುದು ಎಂದುಕೊಂಡರು.

ಮಧ್ಯಾಹ್ನ ಎಸ್ಟೇಟಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕಾಫಿಗೆ ನೆರಳು ಕೊಡುವ ಸಿಲ್ವರ್ ಮರದ ಕೊಂಬೆಯೊಂದು ಅರ್ಧ ಕಡಿದ ಹಾಗೇ ನೇತಾಡುತ್ತಿತ್ತು. ಕೆಳಗೆ ಕಾಫಿ ಗಿಡದ ಎಲೆಗಳ ಮೇಲೆ ಕಂದು ಕಲೆಗಳಿದ್ದವು. ಲೆಕ್ಕಪತ್ರ ನೋಡುವ ಎಸ್ಟೇಟ್ ರೈಟರ್ ಸತೀಶ್ ಕೈಕಟ್ಟಿ ನಿಂತಿದ್ದ.

"ಕತ್ತಿ ಎಲ್ಲಿಂದ ತಂದದ್ದು?"

"ಕೃಷ್ಣಪ್ಪನವರ ಅಂಗಡಿಯಿಂದ ಸಾರ್."

"ಆನ್‌ಲೈನಲ್ಲಿ ಅಲ್ಲ?"

"ನಾನು ಅದನ್ನೇ ಹೇಳಿದ್ದು ಸಾರ್. ಅರ್ಧ ರೇಟಿಗೆ ಬರ್ತಿತ್ತು, ನೂರಾರು ಜನ ಸ್ಟಾರ್ ಕೊಟ್ಟಿದ್ರು. ದೇವರಾಜುಗೆ ತೋರಿಸ್ದೆ. ಆ ಸ್ಟಾರ್ ಕೊಟ್ಟೋರು ಯಾವ ಮರ ಹತ್ತಿದ್ರು ಕೇಳಿ ಅಂದ. ಕತ್ತೀನ ಕೈಯಲ್ಲಿ ಹಿಡಿದು ನೋಡದೆ ತಗೋಬಾರ್ದು ಅಂತ ಹಟ ಹಿಡ್ದು ನನ್ನನ್ನೇ ಅಂಗಡಿಗೆ ಎಳ್ಕೊಂಡು ಹೋದ. ಎಂಟು ಹತ್ತು ಕತ್ತಿ ಎತ್ತಿ ಇಳಿಸಿ ಆರಿಸಿದ್ದು ಅವನೇ."

ಆಸ್ಪತ್ರೆಯಲ್ಲಿ ದೇವರಾಜು ಕೊಟ್ಟ ಹೇಳಿಕೆಯೂ ಇದೇ ಆಗಿತ್ತು. ಬ್ಯಾಂಡೇಜಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳನ್ನು ನೋಡಿಕೊಳ್ಳುತ್ತ, "ನಾನೇ ಆರಿಸ್ದೆ ಸಾ," ಎಂದು ಮತ್ತೆ ಮತ್ತೆ ಹೇಳಿದ. ಗಾಯಕ್ಕಿಂತ ಅದೇ ಅವನನ್ನು ಹೆಚ್ಚು ಕಾಡುತ್ತಿದ್ದ ಹಾಗಿತ್ತು. ತೀರ್ಥಪ್ರಸಾದರ ಮೊದಲ ಅನುಮಾನ ಅಲ್ಲಿಗೆ ಮುಗಿಯಿತು.

ಮರುದಿನ ಕೃಷ್ಣಪ್ಪನ ಅಂಗಡಿಗೆ ಹೋದರು. ಬಾಗಿಲ ಮೇಲೆ ಹಳದಿ ಬೋರ್ಡಿನಲ್ಲಿ ಕೆಂಪು ಅಕ್ಷರ: 'ಇಲ್ಲಿ ಆನ್‌ಲೈನ್ ಮಾಲು ಸಿಗುವುದಿಲ್ಲ.' ಅರವತ್ತು ದಾಟಿದ ಕೃಷ್ಣಪ್ಪ ಕತ್ತಿಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಹೆದರಿರಲಿಲ್ಲ, ಕುದಿಯುತ್ತಿದ್ದರು.

"ನನ್ ಅಂಗಡಿ ಕತ್ತಿ ಮುರಿಯಲ್ಲ. ಯಾವನೋ ಡೂಪ್ಲಿಕೇಟ್ ಮುದ್ರೆ ಹೊಡ್ದು ನನ್ ಹೆಸರಿಗೆ ಮಸಿ ಬಳೀತಿದಾನೆ."

"ನೋಡಿದರೆ ನಿಮಗೆ ಗೊತ್ತಾಗುತ್ತಾ?"

"ಕಣ್ ಮುಚ್ಚಿ ಹೇಳ್ತೀನಿ."

ಮೊಣ್ಣಪ್ಪ ಚೀಲದಿಂದ ತಮ್ಮ ಮನೆಯ ಹಳೆಯ ಕತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯ ದಾಸ್ತಾನಿನಿಂದ ಸೂರ್ಯನ ಮುದ್ರೆಯ ಹೊಸ ಕತ್ತಿಯೊಂದನ್ನು ಪಕ್ಕದಲ್ಲಿಟ್ಟರು. ಕೃಷ್ಣಪ್ಪ ಎರಡನ್ನೂ ತೂಗಿ, ಉಗುರಿನಿಂದ ತಟ್ಟಿ, ಅಲಗನ್ನು ಬೆಳಕಿಗೆ ಹಿಡಿದರು.

"ಎರಡೂ ಆಚಾರಿ ಕೈಯವೇ. ಬರ್ಕೊಳ್ಳಿ."

ಬರೆದುಕೊಂಡರು. ಮಾಲಿನ ವಿವರವಾಗಿ ಹಿಡಿಯ ಮರ, ಉದ್ದ, ತೂಕ ಎಲ್ಲವನ್ನೂ ಪಂಚನಾಮೆಯಲ್ಲಿ ನಮೂದಿಸಬೇಕು. ಮೊಣ್ಣಪ್ಪ ಜೊತೆಗೆ ತಂದಿದ್ದ ಮುರಿದ ಕತ್ತಿಯನ್ನು ಅಳೆಯಲು ಎತ್ತಿಕೊಂಡಾಗ, ಮೊದಲೇ ಸಡಿಲವಾಗಿದ್ದ ಹಿಡಿ ಕೈಗೆ ಕಳಚಿ ಬಂತು. ಹಿಡಿಯೊಳಗೆ ಅಡಗಿದ್ದ ಕಬ್ಬಿಣದ ಮೊನೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಮೂಡಿದ್ದವು. ಕೈಯಲ್ಲಿ ಕೊರೆದವಲ್ಲ, ಮೆಷಿನ್ನಿನಲ್ಲಿ ಒತ್ತಿದವು.

"ಈ ಹೊಸದರ ಹಿಡಿಯನ್ನೂ ತೆಗೀರಿ," ಎಂದರು ತೀರ್ಥಪ್ರಸಾದ್.

ಅದರಲ್ಲೂ ಅದೇ ಅಂಕಿ ಇತ್ತು. ದಾಸ್ತಾನಿನ ಉಳಿದ ಕತ್ತಿಗಳಲ್ಲೂ ಇತ್ತು. ಮೊಣ್ಣಪ್ಪನವರ ಹಳೆಯ ಕತ್ತಿಯಲ್ಲಿ ಮಾತ್ರ ಸುತ್ತಿಗೆಯ ಏಟಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ತೀರ್ಥಪ್ರಸಾದ್ ಆ ಅಂಕಿಯನ್ನು ತಮ್ಮ ಮೊಬೈಲಿನಲ್ಲಿ ಒತ್ತಿದರು. ಅದೇ ಕತ್ತಿ, ಹೊಳೆಯುವ ಚಿತ್ರ, ಸಾವಿರಾರು ಜನರ ಸ್ಟಾರು. ದೂರದ ಕಾರ್ಖಾನೆಯೊಂದರ ಮಾಲು. ಮೊಬೈಲನ್ನು ಕೃಷ್ಣಪ್ಪನ ಕಡೆ ತಿರುಗಿಸಿ ಹಿಡಿದರು.

ಕೃಷ್ಣಪ್ಪ ಚಿತ್ರ ನೋಡಿ, ಹೊಸ ಕತ್ತಿಯನ್ನು ಮತ್ತೊಮ್ಮೆ ಕೈಯಲ್ಲಿ ತೂಗಿದರು. ಸಿಟ್ಟು ಇಳಿದು ಮುಖ ಬಿಳಿಚಿಕೊಂಡಿತು. "ನನ್ ಕೈಗೇ ಗೊತ್ತಾಗ್ಲಿಲ್ವಲ್ಲ," ಎಂದರು. ಆ ಕ್ಷಣ ತೀರ್ಥಪ್ರಸಾದರಿಗೆ ಅವರ ಮೇಲೆ ಮರುಕ ಹುಟ್ಟಿತು. ಇಷ್ಟು ನಾಟಕವಾಡುವ ಶಕ್ತಿ ಆ ಮುಖಕ್ಕಿಲ್ಲ ಎಂಬುದೂ ಖಾತ್ರಿಯಾಯಿತು.

"ಮಾಲು ಯಾರು ಕೊಡೋದು?"

"ರುದ್ರಾಚಾರಿ ಕುಲುಮೆಯಿಂದ ಬಸ್ಸಿಗೆ ಹಾಕಿ ಕಳಿಸ್ತಾರೆ."

"ನೀವು ಅಲ್ಲಿಗೆ ಹೋಗಿ ಎಷ್ಟು ದಿನ ಆಯ್ತು?"

"ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹೋಗಿದ್ದೆ. ಆಮೇಲೆಲ್ಲ ಫೋನೇ. ಮಗಳು ಉಷಾರಾಣಿ ಎತ್ತುತ್ತಾಳೆ. ಅಪ್ಪ ಬೆಂಕಿ ಮುಂದೆ ಇದಾರೆ ಅಂತಾಳೆ."

ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂದು ಊರಿಗೆಲ್ಲ ಹೇಳುವ ಮನುಷ್ಯ, ಕತ್ತಿ ಮಾಡುವವನನ್ನು ಒಂದು ವರ್ಷದಿಂದ ಹೋಗಿ ನೋಡಿರಲಿಲ್ಲ. ಅದು ಕೃಷ್ಣಪ್ಪನಿಗೂ ಹೊಳೆದಿರಬೇಕು. ಪೊಲೀಸರು ಮಾಲನ್ನು ಸೀಲು ಮಾಡಿ ಹೊರಡುವಾಗ, ಕೃಷ್ಣಪ್ಪ ಸ್ಟೂಲು ಹತ್ತಿ ಬಾಗಿಲ ಮೇಲಿನ ಹಳದಿ ಬೋರ್ಡನ್ನು ಇಳಿಸುತ್ತಿದ್ದರು.

ಖರೀದಿದಾರರ ವಿವರ ಕೋರಿ ಆನ್‌ಲೈನ್ ಕಂಪನಿಗೆ ಪತ್ರ ಹೋಯಿತು. ನಿಮ್ಮ ಸಂದೇಶ ನಮಗೆ ಅಮೂಲ್ಯ ಎಂಬ ಉತ್ತರ ಎರಡು ನಿಮಿಷದಲ್ಲಿ ಬಂತು. ವಿವರ ಬರಲಿಲ್ಲ. ಅಷ್ಟರಲ್ಲಿ ಮೊಣ್ಣಪ್ಪ ಕೊಡ್ಲಿಪೇಟೆಯ ಬೇಕರಿಯೊಂದರಲ್ಲಿ ಚಹಾ ಕುಡಿದು ಬಂದರು. ಆನ್‌ಲೈನ್ ವ್ಯಾಪಾರ ಗುಟ್ಟಿನದು ಎಂದು ಪಟ್ಟಣದವರು ತಿಳಿಯಬಹುದು. ಈ ಕಡೆ ಯಾವ ಪಾರ್ಸೆಲ್ಲೂ ನೇರ ಮನೆಗೆ ಹೋಗುವುದಿಲ್ಲ. ಪಾರ್ಸೆಲ್ ಹಂಚುವ ನವೀನ್ ಎಲ್ಲವನ್ನೂ ಬೇಕರಿಯಲ್ಲಿ ಇಳಿಸಿ ಫೋನ್ ಮಾಡುತ್ತಾನೆ. ಯಾರಿಗೆ ಏನು ಬಂತೆಂದು ಬನ್ ತಿನ್ನುವವರಿಗೆಲ್ಲ ತಿಳಿಯುತ್ತದೆ.

"ಉಷಕ್ಕನಿಗೆ ಬರ್ತಾವೆ ಸಾರ್," ಎಂದಿದ್ದ ನವೀನ್. "ಎತ್ತಕ್ಕಾಗದಷ್ಟು ಭಾರ. ಕುಲುಮೆ ಮನೆಗೇ ಕಬ್ಬಿಣ ತರಿಸ್ತೀಯಲ್ಲಕ್ಕ ಅಂತ ನಾನೇ ಒಂದ್ಸಲ ನಕ್ಕಿದ್ದೆ. ಅಕ್ಕ ನಗಲಿಲ್ಲ."

ಮೇ 20, ಮಂಗಳವಾರ ಮಧ್ಯಾಹ್ನ ಮೂರಕ್ಕೆ ಜೀಪು ಕುಲುಮೆಯ ಮುಂದೆ ನಿಂತಿತು. ತೀರ್ಥಪ್ರಸಾದ್, ಮೊಣ್ಣಪ್ಪ, ಮಹಿಳಾ ಕಾನ್‌ಸ್ಟೆಬಲ್ ದೀಕ್ಷಿತಾ ಮತ್ತು ಇಬ್ಬರು ಪಂಚರು ಇಳಿದರು. ಜಗಲಿಯ ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಪಾರ್ಶ್ವವಾಯು. ಅವನೇ ರುದ್ರಾಚಾರಿ ಎಂದು ಮೊಣ್ಣಪ್ಪನಿಗೆ ತಕ್ಷಣ ಗುರುತು ಸಿಗಲಿಲ್ಲ.

ಉಷಾರಾಣಿ ಹಿತ್ತಲಿನ ಕುಲುಮೆಯಲ್ಲಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣು, ಮುಖದ ತುಂಬ ಮಸಿ. ಕಾರ್ಖಾನೆಯ ಹೆಸರನ್ನು ಉಜ್ಜಿ ತೆಗೆದ ಕತ್ತಿಗಳು ಒಂದು ಕಡೆ, ಮುದ್ರೆ ಒತ್ತಿದವು ಇನ್ನೊಂದು ಕಡೆ. ನಡುವೆ ಸೂರ್ಯನ ಅಚ್ಚು ಇತ್ತು. ಅವಳು ಓಡಲಿಲ್ಲ, ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾವಾಗಿನಿಂದ?"

"ಅಪ್ಪಂಗೆ ಸ್ಟ್ರೋಕ್ ಆದಾಗಿಂದ. ಹೋದ್ ವರ್ಷ ಆಟಿ ತಿಂಗಳ ಮಳೇಲಿ."

"ದುಡ್ಡಿಗಾ?"

"ದುಡ್ಡೂ ಬೇಕಿತ್ತು ಸಾರ್, ಸುಳ್ಳು ಹೇಳಲ್ಲ. ಅಪ್ಪನ ಕೈಗೆ ಮತ್ತೆ ಶಕ್ತಿ ಬಂದ್ರೂ ಬರಬಹುದು ಅಂದಿದ್ರು ಡಾಕ್ಟ್ರು. ಅಷ್ಟರಲ್ಲಿ ಕೃಷ್ಣಪ್ಪನೋರು ಬೇರೆ ಆಚಾರಿ ಹಿಡಿದ್ರೆ ಅಪ್ಪನ ಮುದ್ರೆ ಅಲ್ಲಿಗೆ ಮುಗೀತು. ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡೀತಾರಲ್ಲ, ಹಂಗೆ ಜಾಗ ಹಿಡಿದಿಟ್ಟೆ."

"ಕತ್ತಿಯನ್ನ ಏನು ಮಾಡ್ತಿದ್ದೆ?"

"ತಣ್ಣಗಿದ್ರೆ ಅಚ್ಚು ಕೂರಲ್ಲ. ಕೆಂಪಗೆ ಕಾಯಿಸಿ ಮುದ್ರೆ ಹೊಡೆದು ನೀರಿಗೆ ಅದ್ದುತಿದ್ದೆ. ಅಪ್ಪ ಮಾಡೋದು ನೋಡಿದ್ದೆನಲ್ಲ. ನಾನೇ ಸೌದೆ ಕಡಿದು ನೋಡಿ ಕಳಿಸ್ತಿದ್ದೆ. ಒಂದೂ ಮುರಿದಿರಲಿಲ್ಲ." ಆಮೇಲೆ ಅವಳೇ ಕೇಳಿದಳು. "ಆ ಮನುಷ್ಯಂಗೆ ಯಾವ ಕೈ ಸಾರ್?"

"ಎಡಗೈ."

"ಬಲಗೈ ಸರಿ ಇದ್ಯಾ?"

ಇದೆ ಎಂದರು ತೀರ್ಥಪ್ರಸಾದ್. ಅವಳು ಅಚ್ಚನ್ನು ಎತ್ತಿ ಅವರ ಮುಂದಿಟ್ಟಳು. "ಅಪ್ಪಂಗೆ ಮಾತ್ರ ಹೇಳ್ಬೇಡಿ. ಯಾರನ್ನೋ ಕೂಲಿಗೆ ಇಟ್ಟು ಮಾಡಿಸ್ತಿದೀನಿ ಅಂತ ಅಂದ್ಕೊಂಡಿದಾರೆ."

ಹೇಳದೆ ಇರುವಂತಿರಲಿಲ್ಲ. ಅಚ್ಚು ಯಾರದೆಂದು ಮುದುಕನ ಹೇಳಿಕೆ ಪಡೆಯಲೇಬೇಕಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ತೀರ್ಥಪ್ರಸಾದರಿಗೆ ಅಷ್ಟು ಬೇಡವೆನಿಸಿದ ಕೆಲಸ ಇನ್ನೊಂದಿರಲಿಲ್ಲ. ಜಗಲಿಗೆ ಬಂದು, ಮುದ್ರೆ ಒತ್ತಿದ ಕತ್ತಿಯೊಂದನ್ನು ತೋರಿಸಿ, ಆದದ್ದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿದರು.

ರುದ್ರಾಚಾರಿ ಎಡಗೈ ಚಾಚಿ ಕತ್ತಿ ಕೇಳಿದ. ಪಂಚರ ಎದುರಿಗೇ ಕೊಟ್ಟರು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಬೆಂಚಿಗೆ ಮೆಲ್ಲಗೆ ತಟ್ಟಿದ. ಆಮೇಲೆ ಜಗಲಿಯ ಕಲ್ಲಂಚಿಗೆ ಒಂದೇ ಏಟು ಹಾಕಿದ. ಕತ್ತಿ ಗಾಜಿನ ಬಳೆಯ ಹಾಗೆ ಮುರಿದು ತುಂಡು ಅಂಗಳಕ್ಕೆ ಹಾರಿತು. ಸೂರ್ಯನ ಮುದ್ರೆ ಅವನ ಕೈಯಲ್ಲೇ ಉಳಿಯಿತು.

"ಇದು ಒಳ್ಳೆ ಕಬ್ಬಿಣ ಸ್ವಾಮಿ," ಎಂದ. ಮಾತು ತೊದಲುತ್ತಿತ್ತು, ಅರ್ಥವಾಗುತ್ತಿತ್ತು. "ತರಿಸಿದ ಹಂಗೇ ಮಾರಿದ್ರೆ ಮುರೀತಿರ್ನಿಲ್ಲ. ಮುದ್ರೆಗೆ ಅಂತ ಕಾಯಿಸಿದ್ದೇ ಕೆಡಿಸ್ತು. ನೀರಿಗೆ ಹಾಕಿದ್ಮೇಲೆ ಸಣ್ಣ ಉರೀಲಿ ಇನ್ನೊಂದ್ ಸಲ ಕಾಯಿಸ್ಬೇಕು. ಇಲ್ದಿದ್ರೆ ಕತ್ತಿ ಗಡಸಾಗಿ ಪಟ್ಟಂತ ಮುರಿದು ಹೋಗ್ತದೆ."

"ಮಗಳಿಗೆ ಅದು ಗೊತ್ತಿರಲಿಲ್ಲವಾ?"

"ಕಲಿಸಿದ್ರಲ್ವ ಗೊತ್ತಿರೋದು? ಅದು ಬಾಗ್ಲು ಹಾಕ್ಕೊಂಡು, ಕತ್ಲೇಲಿ ಬಣ್ಣ ನೋಡಿ ಮಾಡೋ ಕೆಲ್ಸ. ಹೆಣ್ ಮಗ, ಬೇರೆ ಮನೆಗೆ ಹೋಗೋಳು ಅಂತ ನಾನು ಒಳಕ್ಕೆ ಬಿಟ್ಕೊಳ್ನಿಲ್ಲ. ಬಾಗ್ಲಾಚೆ ನಿಂತ್ಕೊಂಡು ಎಷ್ಟ್ ಕಂಡಳೋ ಅಷ್ಟೇ ಮಾಡವ್ಳೆ."

ಮೊಣ್ಣಪ್ಪ ಅದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಕತ್ತಿಗಳು, ಮುರಿದ ತುಂಡು ಮತ್ತು ಅಚ್ಚು ಜಪ್ತಿಯಾದವು. ಮುದುಕನನ್ನು ನೋಡಿಕೊಳ್ಳಲು ಪಕ್ಕದ ಮನೆಯ ಮುತ್ತಮ್ಮ ಒಪ್ಪಿದರು. ಸಂಜೆ 4.50ಕ್ಕೆ ಉಷಾರಾಣಿಯ ದಸ್ತಗಿರಿಯಾಯಿತು. ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ದಸ್ತಗಿರಿ ಮಾಡುವಂತಿಲ್ಲ; ಕತ್ತಲಾಗುವ ಮೊದಲೇ ಠಾಣೆಗೂ ತಲುಪಿಸಬೇಕಿತ್ತು. ಎಫ್‌ಐಆರ್‌ನಿಂದ ಕೃಷ್ಣಪ್ಪನ ಹೆಸರು ಕೈಬಿಡುವ ವರದಿಯನ್ನು ತೀರ್ಥಪ್ರಸಾದ್ ಮನಸ್ಸಿನಲ್ಲೇ ಬರೆಯತೊಡಗಿದ್ದರು.

ದೀಕ್ಷಿತಾ ಅವಳನ್ನು ಜೀಪಿನ ಕಡೆ ಕರೆದೊಯ್ಯುವಾಗ ಮುದುಕ ಕೂಗಿದ.

"ಉಷಾ, ಬಾ ಇಲ್ಲಿ."

ದೀಕ್ಷಿತಾ ಸಾಹೇಬರ ಮುಖ ನೋಡಿದಳು. ತೀರ್ಥಪ್ರಸಾದ್ ಹೋಗಲಿ ಎಂದು ತಲೆಯಾಡಿಸಿದರು. ಉಷಾರಾಣಿ ಹೋಗಿ ಅಪ್ಪನ ಮುಂದೆ ಮೊಣಕಾಲೂರಿ ಕೂತಳು. ಬೈಗುಳಕ್ಕೆ ಸಿದ್ಧವಾಗಿ ತಲೆ ತಗ್ಗಿಸಿದ್ದಳು. ಮುದುಕ ಎಡಗೈಯನ್ನು ಅವಳ ತಲೆಯ ಮೇಲಿಟ್ಟ.

"ಅಲಗನ್ನ ಉಜ್ಜಿ ಬೆಳ್ಳಗೆ ಮಾಡ್ಕೋ. ಕೆಂಡದ ಮೇಲೆ ಮೆಲ್ಲಗೆ ಹಿಡಿ, ಊದಬೇಡ. ಮೊದ್ಲು ಒಣಹುಲ್ಲಿನ ಬಣ್ಣ ಬರ್ತದೆ. ಆಗ ತೆಗೀಬೇಡ. ಆಮೇಲೆ ಕಂದು. ಆಗ್ಲೂ ತೆಗೀಬೇಡ. ನೇರಳೆ ತಿರುಗ್ತು ಅನ್ನೋವಾಗ ತೆಗೀಬೇಕು. ಏನಂದೆ?"

"ನೇರಳೆ ತಿರುಗೋವಾಗ."

"ಇನ್ನೊಂದ್ ಸಲ ಹೇಳು."

ಅವಳು ಮೊದಲಿನಿಂದ ಹೇಳಿದಳು. ಒಂದು ಕಡೆ ತಪ್ಪಿತು, ಅವನು ತಿದ್ದಿದ. ಮತ್ತೆ ಹೇಳಿಸಿದ.

ಜೀಪು ಹೊರಟಾಗ ಐದೂಕಾಲು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶದ ಕೆಳಗೆ, 'ತಂದೆಯ ಕೈ ಬರುವವರೆಗೆ ಅವರ ಹೆಸರು ಉಳಿಸಲು' ಎಂದು ತೀರ್ಥಪ್ರಸಾದ್ ಬರೆದರು. ದಸ್ತಗಿರಿಯ ನಂತರ ಹೊರಡಲು ಇಪ್ಪತ್ತೈದು ನಿಮಿಷ ತಡವಾಗಿದ್ದಕ್ಕೆ ಅವರು ಯಾವ ಕಾರಣವನ್ನೂ ಬರೆಯಲಿಲ್ಲ.