ಮುಂಡರಗಿಯವರ ವಿಷಯ ಮೊದಲು

ನನ್ನ ತಮ್ಮ ಸಿದ್ದಾರೂಢ ತೀರಿಕೊಂಡ ಸುದ್ದಿ ಬಂದದ್ದು ಒಂದು ಸೋಮವಾರ ಮುಂಜಾನೆ, ನಾನು ಲಿಂಗಪೂಜೆಗೆ ಕುಳಿತಿದ್ದಾಗ. ನಾನು ಅಧ್ಯಕ್ಷನಾಗಿರುವ ಗದಗಿನ ಬೀಜ ಸಂಘದಲ್ಲಿ ಎಲ್ಲ ವಿಭಾಗಗಳ ಸಭೆಯ ವಿಷಯಗಳನ್ನು ಕಂಪ್ಯೂಟರಿನ ತಂತ್ರಾಂಶದಲ್ಲಿ ಜೋಡಿಸುತ್ತಿದ್ದವನು ಅವನೇ. ಮುಂಡರಗಿ ಗೋದಾಮಿನವರಿಗೆ ಊರಿಗೆ ಮರಳುವ ಮೂರು ಗಂಟೆಯ ಬಸ್ಸು ತಪ್ಪಬಾರದೆಂದು ಅವರ ವಿಷಯವನ್ನು ಸದಾ ಮೊದಲಿಗಿಡುತ್ತಿದ್ದ.

ಅವನ ಕೆಲಸ ನಮ್ಮ ಕಚೇರಿಯ ವಾಣಿಶ್ರೀಗೆ ಬಂತು. ಅವಳು ಅವನ ಲಾಗಿನ್ ಮುಚ್ಚಿಸಿ, ಗೋದಾಮಿನ ವಿಷಯವನ್ನು ಕೊನೆಗೆ ಹಾಕಿದಳು. ಚಹಾ ಕುಡಿದು ಬರುವಷ್ಟರಲ್ಲಿ ಅದು ಮೊದಲಿಗೆ ಬಂದಿತ್ತು. ಮೂರು ಸಭೆಗೂ ಹೀಗೇ ಆಯಿತು. ಸುಡುಬೇಸಿಗೆಯಲ್ಲೂ ಅವನ ಕುರ್ಚಿ ತಣ್ಣಗಿರುತ್ತಿತ್ತು. ಮೌಸ್ ಮಾತ್ರ ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿರುತ್ತಿತ್ತು.

"ಯಜಮಾನ್ರ, ಶಾಂತಿ ಮಾಡಸ್ರಿ. ನಿಮ್ಮ ತಮ್ಮಾರು ತೀರಿಕೊಂಡ್ರೂ ಸೂಟಿ ತಗೊಂಡಿಲ್ರಿ," ಎಂದಳು.

ನಾನು ನಕ್ಕೆ. ಆದರೂ ಅವನಿಗಿನ್ನೂ ವಿಶ್ರಾಂತಿ ಸಿಕ್ಕಿಲ್ಲವೇ ಎಂಬ ಸಂಕಟ ಒಳಗೇ ಉಳಿಯಿತು.

ನಿನ್ನೆ ನಾವಿಬ್ಬರೂ ನೋಡುತ್ತಿದ್ದಂತೆ ಪರದೆಯ ಮೇಲೆ ಮುಂಡರಗಿಯ ಸಾಲು ತಾನಾಗಿಯೇ ಕೆಳಗಿಳಿದು ಕೊನೆಯಲ್ಲಿ ನಿಂತಿತು. ಆಮೇಲೆ ಗೋದಾಮಿನ ನಿಜಲಿಂಗಪ್ಪನ ಫೋನ್ ಬಂತು.

"ಅಣ್ಣಾರ, ಇವತ್ತ ಜೀಪಿನ್ಯಾಗ ಬರಾಕತ್ತೇವಿ. ಜಲ್ದಿ ಏನಿಲ್ಲ, ನಮ್ದು ಕಡೀಕ ಇಡ್ರಿ."

ಫೋನ್ ಬರುವ ಮೊದಲೇ ಸಾಲು ಇಳಿದಿತ್ತು. ಇಬ್ಬರೂ ಕಣ್ಣಾರೆ ಕಂಡಿದ್ದೇವೆ. ಏಕೋ ನನ್ನ ಮನಸ್ಸು ಹಗುರಾಯಿತು.

ಶಿವನೇ, ನನ್ನ ತಮ್ಮನಿಗೆ ಶಾಂತಿ ಕೊಡು. ಇನ್ನಾದರೂ ನಿನ್ನ ಪಾದದ ಬಳಿ ಆರಾಮಾಗಿ ಕುಳಿತುಕೊಳ್ಳಲಿ.